ಕಿವಿ, ಮೂಗು, ಗಂಟಲು, ಮಾತು

ಜೂನ್ ೩, ಮಂಗಳವಾರ

ಈ ಡೈರಿ ಇವಳ ಶಾಲೆಯಲ್ಲಿ ವರ್ಷದ ಮೊದಲಿಗೆ ಕೊಟ್ಟದ್ದು. "ನಿಮಗಂತೂ ಬಾಯಿಲ್ಲ, ಬರೆದಾದ್ರೂ ನೋಡಿ" ಎಂದು ನನ್ನ ಮೇಜಿನ ಮೇಲೆ ಹಾಕಿದ್ದಳು. ಹಾಗೇ ಬಿದ್ದಿತ್ತು. ಇವತ್ತು ಆಸ್ಪತ್ರೆಯಿಂದ ಬಂದ ಮೇಲೆ ಅಂಗಡಿ ತೆರೆಯಲು ಮನಸ್ಸಾಗಲಿಲ್ಲ. ಕನ್ನಡಕದ ಅಂಗಡಿ ಒಂದು ಮಧ್ಯಾಹ್ನ ಮುಚ್ಚಿದ್ದರೆ ಯಾರೂ ಕುರುಡರಾಗುವುದಿಲ್ಲ.

ಇವಳ ದನಿ ಒಡೆದು ಮೂರ್ನಾಲ್ಕು ತಿಂಗಳಾಯಿತು. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಬಯಾಲಜಿ ಕಿರುಚಿದ ಗಂಟಲು, ಇನ್ನೇನಾಗುತ್ತೆ ಎಂದು ಅವಳೇ ನಗುತ್ತಿದ್ದಳು. ಮಕ್ಕಳು ಇವಳಿಗಿಟ್ಟ ಹೆಸರು ಮೈಕ್ ಟೀಚರ್. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದಳು, ಔಷಧದ ಅಂಗಡಿಯವನು ಕೊಟ್ಟ ಮಾತ್ರೆ ಚೀಪಿದಳು. ನಾನೂ ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ಮನೆ ಸ್ವಲ್ಪ ತಣ್ಣಗಾಗಿದೆ ಅನ್ನಿಸಿ ಹಿತವೂ ಆಗಿತ್ತು. ಬರೆದ ಮೇಲೆ ಇದು ಚೆನ್ನಾಗಿ ಕಾಣುತ್ತಿಲ್ಲ. ಇರಲಿ.

ಆಸ್ಪತ್ರೆಯ ಆ ಬಾಗಿಲ ಮೇಲೆ ಎರಡು ಮಾರುದ್ದದ ಬೋರ್ಡು: ಓಟೋರೈನೋಲ್ಯಾರಿಂಗಾಲಜಿ ವಿಭಾಗ. ನಾನು ಎರಡು ಸಲ ಓದಲು ಹೋಗಿ ನಡುವೆ ಮುಗ್ಗರಿಸಿದೆ. ಇವಳು ಆ ಕರಕರ ದನಿಯಲ್ಲೇ ಸರಾಗವಾಗಿ ಓದಿದಳು. ಪಕ್ಕದಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದ ಮುದುಕರೊಬ್ಬರು, "ಏನಮ್ಮಾ ಅದು, ರೋಗದ ಹೆಸರಾ?" ಎಂದರು.

"ಅಲ್ಲ ಅಜ್ಜ, ಈ ವಿಭಾಗದ ಹೆಸರು. ಗ್ರೀಕ್ ಪದ. ನೋಡೋಕೆ ರೈಲಿನ ಥರ ಇದೆ, ಬೋಗಿ ಬಿಚ್ಚಿದ್ರೆ ಏನೂ ಇಲ್ಲ. ಓಟೋ ಅಂದ್ರೆ ಕಿವಿ. ರೈನೋ ಅಂದ್ರೆ ಮೂಗು. ಲ್ಯಾರಿಂಗೋ ಅಂದ್ರೆ ಗಂಟಲು. ಖಡ್ಗಮೃಗಕ್ಕೆ ರೈನೋ ಅಂತಾರಲ್ಲ, ಅದೂ ಈ ಮೂಗೇ. ಮೂಗಿನ ಮೇಲೆ ಕೊಂಬು."

"ಹಾಗಾದ್ರೆ ನಮ್ಮ ಮನೆಯವಳಿಗೂ ಆ ಹೆಸರು ಇಡಬಹುದು" ಎಂದರು ಅಜ್ಜ. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನಾನು ಇವಳ ಮೊಣಕೈ ಒತ್ತಿ, "ಮೆಲ್ಲಗೆ ಮಾತಾಡು, ಎಲ್ಲ ನೋಡ್ತಿದ್ದಾರೆ" ಎಂದೆ. ಮದುವೆಯಾದಂದಿನಿಂದ ನಾನು ಇವಳಿಗೆ ಅತಿ ಹೆಚ್ಚು ಸಲ ಹೇಳಿರುವ ಮಾತು ಬಹುಶಃ ಇದೇ.

ಡಾಕ್ಟರ್ ಚಿಕ್ಕ ವಯಸ್ಸಿನವರು, ಮಾತು ಚುರುಕು. ಮೂಗಿನಿಂದ ಸಣ್ಣ ಕೊಳವೆ ಇಳಿಸಿ ನೋಡಿದರು. "ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀವಿ. ಅಲ್ಲಿವರೆಗೆ ಗಂಟಲಿಗೆ ಆಯಾಸ ಮಾಡ್ಕೋಬೇಡಿ" ಎಂದರು.

ಜೂನ್ ೧೦, ಮಂಗಳವಾರ

ಕ್ಯಾನ್ಸರ್. ಧ್ವನಿಪೆಟ್ಟಿಗೆಯಲ್ಲಿ.

ಡಾಕ್ಟರ್ ಹೇಳಿದ್ದರಲ್ಲಿ ಅರ್ಧ ನನ್ನ ತಲೆಗೆ ಹೋಗಲಿಲ್ಲ. ಅವರ ಕನ್ನಡಕದ ಎಡಗಾಜಿನ ಸೆಂಟರ್ ತಪ್ಪಿದೆ, ಯಾರು ಮಾಡಿಕೊಟ್ಟರೋ ಎಂದು ಅದನ್ನೇ ನೋಡುತ್ತ ಕೂತಿದ್ದೆ. ನಡುವೆ ಅವರು "ಟೋಟಲ್ ಲ್ಯಾರಿಂಜೆಕ್ಟಮಿ" ಎಂದರು, ಬಸ್ಸಿನ ಕಂಡಕ್ಟರು ಮುಂದಿನ ನಿಲ್ದಾಣ ಕೂಗಿದ ಹಾಗೆ.

"ಡಾಕ್ಟರೇ, ಇನ್ನೊಂದು ಸಲ ಹೇಳಿ. ನಿಧಾನಕ್ಕೆ" ಎಂದಳು ಇವಳು.

ಅವರು ಹೇಳಿದರು. ಇವಳು ಕ್ಲಾಸಿನಲ್ಲಿ ಮಾಡುವ ಹಾಗೆ ಬೆರಳು ಮಡಚುತ್ತ ಹೋದಳು. "ಲ್ಯಾರಿಂಕ್ಸ್, ಧ್ವನಿಪೆಟ್ಟಿಗೆ. ಎಕ್, ಹೊರಗೆ. ಟಮಿ, ಕತ್ತರಿಸೋದು. ಟೋಟಲ್ ಗ್ರೀಕ್ ಅಲ್ಲ. ಪೂರ್ತಿ ಅಂತ."

ಡಾಕ್ಟರ ಕೈಯಲ್ಲಿದ್ದ ಪೆನ್ನು ನಿಂತಿತು.

"ಆಟಂ ಅಂತೀವಲ್ಲ, ಅದರ ಬಾಲದಲ್ಲಿರೋದೂ ಈ ಕತ್ತರಿನೇ. ಮುಂದೆ ಒಂದು 'ಅ' ಇರೋದ್ರಿಂದ ಕತ್ತರಿಸೋಕಾಗದ್ದು ಅಂತ ಅರ್ಥ. ನಾನು ಆಟಂ ಅಲ್ಲ, ಅಷ್ಟೇ" ಎಂದು ನಕ್ಕಳು. ನಗು ಅರ್ಧಕ್ಕೆ ಕೆಮ್ಮಾಯಿತು.

ಆಪರೇಷನ್ ಮೂವತ್ತಕ್ಕೆ. ಆಮೇಲೆ ಉಸಿರಾಟ ಕತ್ತಿನ ತೂತಿನಿಂದ. ಈಗಿನ ದನಿ ಇರುವುದಿಲ್ಲ. ಅನ್ನನಾಳಕ್ಕೆ ಗಾಳಿ ತುಂಬಿಕೊಂಡು ಮಾತಾಡುವುದನ್ನು ಕಲಿಸುತ್ತಾರಂತೆ. ಕೆಲವರಿಗೆ ಬರುತ್ತದಂತೆ, ಕೆಲವರಿಗೆ ಇಲ್ಲ.

ಬಸ್ಸಿನಲ್ಲಿ ಮಗಳಿಗೆ ಫೋನ್ ಮಾಡಿ "ಲ್ಯಾರಿಂಗೆಕ್ಟಮಿ" ಎಂದೆ. ಪಕ್ಕದಿಂದ ಇವಳು, "ಗೆ ಅಲ್ಲ ರೀ, ಜೆ. ಬೋರ್ಡಲ್ಲಿ ಗ, ಇಲ್ಲಿ ಜ. ಅದೇ ಅಕ್ಷರ, ಮುಂದೆ ಯಾರು ಬರ್ತಾರೆ ಅಂತ ನೋಡಿ ಮುಖ ಬದಲಾಯಿಸುತ್ತೆ" ಎಂದಳು.

"ಈಗ ಅದಾ ಮುಖ್ಯ?" ಎಂದು ರೇಗಿದೆ.

"ಹೆಸರು ಸರಿಯಾಗಿ ಕರೆದ್ರೆ ಅದು ಅಷ್ಟು ದೊಡ್ಡದಾಗಿ ಕಾಣಲ್ಲ" ಎಂದು ಕಿಟಕಿಯ ಕಡೆ ತಿರುಗಿದಳು.

ಜೂನ್ ೧೩, ಶುಕ್ರವಾರ

ಅಕ್ಕ ಬಂದಿದ್ದಾಳೆ, ಆಪರೇಷನ್ ಮುಗಿಯುವವರೆಗೂ ಇರುತ್ತಾಳಂತೆ. ಬಂದವಳೇ ಆಸ್ಪತ್ರೆಯ ವಿಚಾರ ಕೇಳಿದಳು. ಇವಳು ಆ ಬೋರ್ಡಿನ ಪದ ಹೇಳಿ ತೋರಿಸಿದಳು.

"ಅಯ್ಯೋ ದೇವರೇ! ಇದನ್ನ ಹೇಳಿ ಮುಗಿಸೋ ಹೊತ್ತಿಗೆ ರೋಗ ತಾನಾಗೇ ವಾಸಿಯಾಗಿರುತ್ತೆ ಕಣೇ" ಎಂದಳು ಅಕ್ಕ.

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿಸಿ ಇವಳು, "ಕೊನೇದು ಹೇಳಲಿಲ್ಲ ನೋಡಿ ಅತ್ತಿಗೆ. ಲಾಜಿ. ಶಾಸ್ತ್ರ ಅಂತ ಹೇಳಿಕೊಡ್ತೀವಿ. ಬುಡಕ್ಕೆ ಹೋದ್ರೆ ಲೋಗೋಸ್, ಮಾತು ಅಂತ. ಕಿವಿ, ಮೂಗು, ಗಂಟಲು, ಮಾತು. ಗಂಟಲು ಮುಗಿದ ಮೇಲೂ ಮಾತು ಇದೆ, ನೋಡಿದ್ರಾ?" ಎಂದಳು.

ಆಗಲೇ ನಾನು ಎದ್ದು ಒಳಗಿಟ್ಟಿದ್ದ ಪುಟ್ಟ ಬಿಳಿ ಬೋರ್ಡು, ಒರೆಸುವ ಪೆನ್ನು ತಂದು ಇವಳ ತೊಡೆಯ ಮೇಲಿಟ್ಟೆ. ಎರಡು ದಿನದಿಂದ ಅದನ್ನು ಕೊಡಲು ಸಮಯ ನೋಡುತ್ತಿದ್ದೆ. "ಇನ್ನು ಮಾತು ಸಾಕು. ಗಂಟಲಿಗೆ ಆಯಾಸ ಬೇಡ ಅಂದಿದ್ದಾರೆ. ಏನು ಬೇಕೋ ಬರಿ."

"ಅವರು ಹೇಳಿದ್ದು ಆವಾಗ..."

"ಮಾತಾಡಿ ಮಾತಾಡಿ ಹರಡಿದ್ರೆ ಏನು ಮಾಡ್ತೀಯ?"

ಅಕ್ಕನೂ ನನ್ನ ಕಡೆಗೇ ನಿಂತಳು. "ಅವನು ಹೇಳೋದು ಸರಿ ಕಣಮ್ಮ. ಸ್ವಲ್ಪ ದಿನ ತಾನೇ?"

ಇವಳು ಬೋರ್ಡು ತೆಗೆದುಕೊಂಡು ಬರೆದಳು: ಒಂದೇ ಒಂದು ಕ್ಲಾಸ್ ಮಾಡಬೇಕು. ಒಂಬತ್ತನೇ ತರಗತಿ. ಬರುವ ಶುಕ್ರವಾರ.

ಶುಕ್ರವಾರದ ಕೊನೆಯ ಪೀರಿಯಡ್ಡಿಗೆ ಒಂದು ಉದ್ದನೆಯ ಪದ ಬೋರ್ಡಿನ ಮೇಲೆ ಬರೆದು ಮಕ್ಕಳ ಕೈಲಿ ಬಿಡಿಸುವುದು ಇವಳ ಪದ್ಧತಿ. ಎಲ್ಲರೂ ಒಟ್ಟಿಗೆ ಕೂಗಬೇಕು, ತುಂಡು ತುಂಡಾಗಿ. ಈ ಆಸ್ಪತ್ರೆಯ ಪದವನ್ನು ಅವರಿಗೆ ಕೊಡಬೇಕಂತೆ. ಹೆಡ್ ಮಿಸ್ ಹತ್ತಿರ ಆಗಲೇ ಮಾತಾಡಿದ್ದಾಳೆ.

"ನೋಡೋಣ" ಎಂದೆ.

ಜೂನ್ ೧೯, ಗುರುವಾರ

ಸಂಜೆ ಅಂಗಡಿಯಿಂದ ಹೆಡ್ ಮಿಸ್‌ಗೆ ಫೋನ್ ಮಾಡಿದೆ. ಡಾಕ್ಟರು ಬೇಡ ಅಂದಿದ್ದಾರೆ, ನಾಳೆ ಅವಳು ಬರುವುದಿಲ್ಲ ಎಂದೆ. ಡಾಕ್ಟರನ್ನು ನಾನು ಕೇಳಿರಲಿಲ್ಲ. ಅವರು ಪಾಪ, "ಆರೋಗ್ಯ ಮೊದಲು, ನಾವೆಲ್ಲ ಇದ್ದೀವಿ ಅಂತ ಹೇಳಿ" ಎಂದರು. ಒಳ್ಳೆಯ ಹೆಂಗಸು.

ಇದು ಸರಿಯಾದ ಕೆಲಸ. ಇಂಥ ಹೊತ್ತಿನಲ್ಲಿ ಒಬ್ಬರಾದರೂ ಗಟ್ಟಿಯಾಗಿರಬೇಕು.

ಒಂದು ಗಾಜಿನ ಅಂಚು ಉಜ್ಜುವಾಗ ಜಾಸ್ತಿ ಉಜ್ಜಿ ಹಾಳಾಯಿತು. ಹೀಗೆ ಆಗಿ ಎಷ್ಟೋ ಕಾಲವಾಗಿತ್ತು.

ಜೂನ್ ೨೦, ಶುಕ್ರವಾರ

ಊಟ ಮುಗಿಸಿ ಇವಳು ಶಾಲೆಗೆ ತಯಾರಾಗಿ ನಿಂತಳು. ತಲೆ ಬಾಚಿ, ಬ್ಯಾಗಿನಲ್ಲಿ ಬಣ್ಣದ ಸೀಮೆಸುಣ್ಣ ಇಟ್ಟುಕೊಂಡು. ಒಂದೊಂದು ತುಂಡಿಗೆ ಒಂದೊಂದು ಬಣ್ಣ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ, ಹೆಡ್ ಮಿಸ್‌ಗೆ ಫೋನ್ ಮಾಡಿದ್ದನ್ನು ಹೇಳಿದೆ.

ಇವಳು ಬೋರ್ಡು ಕೇಳಲಿಲ್ಲ. ಬಾಯಿಯೂ ತೆರೆಯಲಿಲ್ಲ. ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಆಮೇಲೆ ಎರಡನ್ನೂ ಗೂಡಿನಲ್ಲಿ ಜೋಡಿಸಿಟ್ಟು ಒಳಗೆ ಹೋದಳು.

ಕೋಪ ಒಂದೆರಡು ದಿನದಲ್ಲಿ ಇಳಿಯುತ್ತದೆ. ಎಲ್ಲ ಅವಳ ಒಳ್ಳೆಯದಕ್ಕೇ.

ಜೂನ್ ೨೪, ಮಂಗಳವಾರ

ಮಾತಿಲ್ಲ. ಬರಹವೂ ಇಲ್ಲ. ಬೋರ್ಡು ಖಾಲಿ.

ಅಕ್ಕ ಪಾತ್ರೆ ಇಡುವಾಗಲೂ ಸದ್ದು ಮಾಡದಂತೆ ಇಡುತ್ತಾಳೆ. ಇದೇ ತಣ್ಣನೆ ಮನೆ ನನಗೆ ಬೇಕಿತ್ತಲ್ಲವೆ.

ಜೂನ್ ೨೮, ಶನಿವಾರ

ಆಸ್ಪತ್ರೆಗೆ ಸೇರಿಸಿದೆವು. ನರ್ಸು ಒಬ್ಬರು ಬಿಪಿ ನೋಡುತ್ತ, "ಏನಮ್ಮ, ನೀವು ಮಾತೇ ಆಡಲ್ವಲ್ಲ?" ಎಂದರು.

ನಾನು ಹೇಳಿದೆ, ಹೆಮ್ಮೆಯಿಂದಲೇ: "ಎರಡು ವಾರದಿಂದ ಒಂದು ಮಾತೂ ಇಲ್ಲ. ನಾನು ಆಡೋಕೆ ಬಿಟ್ಟಿಲ್ಲ."

"ಯಾಕೆ?"

ಅವರು ಕೇಳಿದ ರೀತಿಗೆ ನನಗೆ ಕಸಿವಿಸಿಯಾಯಿತು. ಡಾಕ್ಟರು ರೌಂಡ್ಸಿಗೆ ಬಂದಾಗ ನಾನೇ ಕೇಳಿದೆ.

"ಅದು ಪರೀಕ್ಷೆಗೆ ಮೊದಲು ಹೇಳಿದ್ದು" ಎಂದರು ಅವರು. "ಬರೀ ಊತ ಇದ್ರೆ ವಿಶ್ರಾಂತಿ ಬೇಕಾಗುತ್ತೆ ಅಂತ. ರಿಸಲ್ಟ್ ಬಂದ ದಿನಾನೇ ಹೇಳಿದ್ನಲ್ಲ, ಇನ್ನು ಬೇಕಾದಷ್ಟು ಮಾತಾಡಲಿ, ಮನೆಯವರ ಜೊತೆ, ಸ್ನೇಹಿತರ ಜೊತೆ ಎಲ್ಲ ಮಾತಾಡಿಬಿಡಲಿ ಅಂತ. ಹೇಗೂ ಆ ಪೆಟ್ಟಿಗೇನ ತೆಗೀತೀವಿ. ಉಳಿಸೋದೇನಿದೆ?"

ಹೇಳಿದ್ದರು. ನಾನು ಅವರ ಎಡಗಾಜು ನೋಡುತ್ತಿದ್ದೆ.

ಇವಳಿಗೆ ಗೊತ್ತಿತ್ತು. ಪಕ್ಕದಲ್ಲೇ ಕೂತಿದ್ದಳಲ್ಲ. ಮಾತಾಡಬಹುದು ಎಂದು ಗೊತ್ತಿದ್ದೂ ನನ್ನ ಹೆದರಿಕೆಗಾಗಿ ಬೋರ್ಡು ಹಿಡಿದಳು. ಆಮೇಲೆ ಅದನ್ನೂ ಬಿಟ್ಟಳು.

ನಾನು ಮಂಚದ ಹತ್ತಿರ ಹೋಗಿ, "ಯಾಕೆ ಹೇಳಲಿಲ್ಲ?" ಎಂದೆ. ಎಂಥ ಪ್ರಶ್ನೆ.

ಜೂನ್ ೨೯, ಭಾನುವಾರ

ಮಗಳು ಬೆಳಗ್ಗೆ ಬಂದಳು. ಅವಳನ್ನು ಕಂಡದ್ದೇ ಇವಳು ಬಾಯಿಬಿಟ್ಟಳು. "ಬಾ ಪುಟ್ಟಿ" ಎಂದಳು. ಅಷ್ಟು ದಿನದ ಮೇಲೆ ಕೇಳಿದ ಮಾತು. ತುಕ್ಕು ಹಿಡಿದ ಬಾಗಿಲಿನ ಸದ್ದಿನ ಹಾಗಿತ್ತು.

ತಾಯಿ ಮಗಳು ಪರದೆ ಎಳೆದುಕೊಂಡು ದಿನವಿಡೀ ಮಾತಾಡಿದರು. ನಾನು ಹೊರಗಿನ ಬೆಂಚಿನಲ್ಲಿದ್ದೆ. ಒಳಗಿಂದ ಆಗಾಗ ನಗು ಕೇಳಿಸುತ್ತಿತ್ತು. ಒಂದು ಸಲ ಅಳು, ಯಾರದ್ದೆಂದು ತಿಳಿಯಲಿಲ್ಲ.

ಸಂಜೆ ಮಗಳು ಚಹಾ ತರಲು ಕೆಳಗೆ ಹೋದಾಗ ನಾನು ಒಳಗೆ ಹೋಗಿ ಫೋನಿನಲ್ಲಿ ರೆಕಾರ್ಡ್ ಒತ್ತಿ ದಿಂಬಿನ ಪಕ್ಕ ಇಟ್ಟೆ.

"ಏನದು?"

"ನಿನ್ನ ದನಿ. ಇಟ್ಕೊಳ್ಳೋಣ ಅಂತ."

ಇವಳು ಫೋನನ್ನೇ ನೋಡುತ್ತ ಹೇಳಿದಳು: "ಡಾಕ್ಟರು ನಾಳೆ ತೆಗೀತಾರೆ ರೀ. ನೀವು ಮೊದಲೇ ತೆಗೆದುಬಿಟ್ರಿ."

ಫೋನು ಆಫ್ ಮಾಡಿ ಜೇಬಿಗೆ ಹಾಕಿಕೊಂಡೆ. ಮತ್ತೆ ತೆರೆದು ಅಷ್ಟನ್ನೂ ಅಳಿಸಿದೆ. ಈಗ ಅನ್ನಿಸುತ್ತಿದೆ, ಅದನ್ನಾದರೂ ಇಟ್ಟುಕೊಳ್ಳಬೇಕಿತ್ತು.

ಸ್ವಲ್ಪ ಹೊತ್ತಿನ ಮೇಲೆ ತಾನಾಗೇ ಮಾತು ತೆಗೆದಳು. ಕ್ಷಮಿಸಿದ ಮಾತಲ್ಲ. ನೀರಿನ ಟ್ಯಾಂಕಿನ ಗೇಟ್‌ವಾಲ್ವ್ ಬಿಗಿಯಾಗಿದೆ, ಬಟ್ಟೆ ಸುತ್ತಿ ತಿರುಗಿಸಬೇಕು. ಗ್ಯಾಸ್ ಮುಗಿಯುತ್ತ ಬಂದಿದೆ. ಅತ್ತಿಗೆಗೆ ಮಂಡಿನೋವು, ಮೇಲಿನ ಶೆಲ್ಫಿನಿಂದ ಏನೂ ತೆಗೆಸಬೇಡಿ. ನಾನು ಹೂಂ, ಹೂಂ ಎನ್ನುತ್ತ ಕೂತೆ. ಇನ್ನೂ ಹೇಳು, ಇನ್ನೇನಾದರೂ ಹೇಳು ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ಬಾಯಿಂದ ಬಂದದ್ದು, "ಜಾಸ್ತಿ ಆಯಾಸ ಮಾಡ್ಕೋಬೇಡ." ಅಭ್ಯಾಸ ಬಲ.

ಜೂನ್ ೩೦, ಸೋಮವಾರ

ಒಳಗೆ ಕರೆದುಕೊಂಡು ಹೋಗುವಾಗ ಸ್ಟ್ರೆಚರಿನ ಮೇಲಿಂದ ನನ್ನ ಕಡೆ ತಿರುಗಿ ಏನೋ ಅಂದಳು. ಅದೇ ಹೊತ್ತಿಗೆ ಚಕ್ರ ಕಿರುಗುಟ್ಟಿತು. ಕೇಳಿಸಲಿಲ್ಲ. "ಏನು?" ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.

ಮಗಳನ್ನು ಕೇಳಿದೆ. ಅವಳಿಗೂ ಕೇಳಿಸಿರಲಿಲ್ಲ.

ಜುಲೈ ೧, ಮಂಗಳವಾರ

ಚೆನ್ನಾಗಿ ಆಯಿತಂತೆ. ಪೂರ್ತಿ ತೆಗೆದಿದ್ದಾರೆ.

ಜುಲೈ ೯, ಬುಧವಾರ

ಕತ್ತಿನ ಬುಡದಲ್ಲಿ ತೂತು. ಉಸಿರಾಡಿದಾಗೆಲ್ಲ ಅಲ್ಲಿಂದ ಸಣ್ಣ ಸಿಳ್ಳೆ. ಮೂಗಿನಲ್ಲಿ ಊಟದ ಕೊಳವೆ. ಕಣ್ಣು ಮಾತ್ರ ಮೊದಲಿನ ಹಾಗೇ ಇದೆ, ಗದರುವ ಕಣ್ಣು.

ಇವತ್ತು ಬೋರ್ಡು ಕೇಳಿ ತೆಗೆದುಕೊಂಡಳು. ನಾನು ಮೊದಲು ಕೇಳಿದ್ದು, "ಅವತ್ತು ಸ್ಟ್ರೆಚರಲ್ಲಿ ಏನು ಹೇಳಿದೆ?"

ಯೋಚಿಸಿ ಬರೆದಳು: ನೆನಪಿಲ್ಲ.

ಆಮೇಲೆ ಅದನ್ನು ಒರೆಸಿ: ನೀವು ಊಟ ಮಾಡಿದ್ರಾ?

ಜುಲೈ ೧೭, ಗುರುವಾರ

ಮನೆಗೆ ಕರೆತಂದೆವು. ಅಕ್ಕ ಇನ್ನೂ ಇದ್ದಾಳೆ. ಮಗಳು ರಜೆ ಮುಗಿಸಿ ಹೋದಳು.

ಇವಳಿಗೆ ಈಗ ವಾಸನೆ ತಿಳಿಯುವುದಿಲ್ಲ, ಗಾಳಿ ಮೂಗಿನಿಂದ ಹೋಗುವುದಿಲ್ಲವಲ್ಲ. ಹಾಲು ಉಕ್ಕಿ ಸೀದು ಮನೆ ತುಂಬ ಹೊಗೆ, ಇವಳು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದಳು. ಅಕ್ಕ ಓಡಿ ಬಂದು ಒಲೆ ಆರಿಸಿದಳು. ಇವಳು ಬೋರ್ಡಿನಲ್ಲಿ ಬರೆದಳು: ರೈನೋ ಕೂಡ ಹೋಯ್ತು. ನನಗೆ ನಗು ಬರಲಿಲ್ಲ. ಇವಳ ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ಕೇಳಿಸಿಕೊಂಡು ತಿಳಿಯುವ ಹಾಗಿಲ್ಲ, ಎದುರಿಗೆ ಹೋಗಿ ಮುಖ ನೋಡಬೇಕು. ಹೋಗಿ ನೋಡಿದೆ. ಎರಡೂ ಇತ್ತು.

ಆಗಸ್ಟ್ ೨೦, ಬುಧವಾರ

ರೇಡಿಯೇಶನ್ ನಡೆಯುತ್ತಿದೆ. ಕತ್ತಿನ ಚರ್ಮ ಕಪ್ಪಾಗಿದೆ. ಸುಸ್ತು. ದಿನಾ ನಾನೇ ಕರೆದುಕೊಂಡು ಹೋಗುತ್ತೇನೆ. ಅಂಗಡಿ ಸಂಜೆ ಮಾತ್ರ.

ಸಂಜೆ ಹೆಡ್ ಮಿಸ್ ನೋಡಲು ಬಂದಿದ್ದರು. ಇವಳು ಮಲಗಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಅವತ್ತು ನೀವು ಫೋನ್ ಮಾಡಿದ್ದು ಒಳ್ಳೇದಾಯ್ತು ಬಿಡಿ. ಆದ್ರೆ ಮಕ್ಕಳಿಗೆ ಹೇಳೋಕೆ ಮರೆತೇಹೋಯ್ತು. ಒಂಬತ್ತನೇ ತರಗತಿಯ ಮೂರೂ ಸೆಕ್ಷನ್‌ನವರು ಹಾಲ್‌ನಲ್ಲಿ ಸೇರಿದ್ರು. ಬೆಲ್ ಹೊಡೆದ ಮೇಲೂ ಎದ್ದು ಹೋಗಲಿಲ್ಲ. ಮೈಕ್ ಟೀಚರ್ ತಡವಾಗಿ ಬರ್ತಾರೆ ಅಂತ ಕಾಯ್ತಾ ಇದ್ವಂತೆ" ಎಂದರು.

"ಒಳ್ಳೇದಾಗಲಿಲ್ಲ ಮೇಡಂ" ಎಂದೆ. "ಡಾಕ್ಟರು ಬೇಡ ಅಂದಿರಲಿಲ್ಲ. ನಾನೇ ಹೇಳಿದ್ದು. ಸುಳ್ಳು ಹೇಳಿದೆ."

ಅವರು ಛತ್ರಿ ಬಿಡಿಸಿ, ಮತ್ತೆ ಮಡಚಿ, "ಹುಷಾರು" ಎಂದು ಮೆಟ್ಟಿಲಿಳಿದರು.

ಒಳಗೆ ಬಂದರೆ ಇವಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು.

ಅಕ್ಟೋಬರ್ ೭, ಮಂಗಳವಾರ

ಮಾತು ಕಲಿಸುವ ವಿಭಾಗಕ್ಕೆ ಇವತ್ತು ಮೊದಲ ಸಲ. ಕೌಂಟರಿನ ಹುಡುಗಿ ಯಾವ ಥೆರಪಿ ಎಂದು ಕೇಳಿದಳು. ಚೀಟಿಯಲ್ಲಿದ್ದ ಪದ ನೋಡಿ ನನ್ನ ನಾಲಿಗೆ ಮಡಚಿಕೊಂಡಿತು. "ಇಸೋಪ... ಈಸೋಫ್ಯಾ..." ಹಿಂದೆ ಸಾಲು ಬೆಳೆಯುತ್ತಿತ್ತು. ಇವಳು ಮುಂದೆ ಬಂದು ಕೌಂಟರಿನ ಹಲಗೆಯನ್ನು ಬೆರಳಿನಿಂದ ತಟ್ಟಿದಳು, ಒಂದೊಂದು ತುಂಡಿಗೆ ಒಂದೊಂದು ಸಲ. ತಟ್ಟಿದ ಹಾಗೆ ಹೇಳಿದೆ. ಈ, ಸೋ, ಫೇ, ಜಿ, ಯಲ್. ಬಂತು! ನನ್ನ ದನಿ ಸ್ವಲ್ಪ ಜೋರಾಯಿತೇನೋ, ಸಾಲಿನಲ್ಲಿದ್ದವರು ತಿರುಗಿ ನೋಡಿದರು. ನೋಡಲಿ.

ಕಾಯುವಾಗ ಬೋರ್ಡಿನಲ್ಲಿ ಬರೆದು ತೋರಿಸಿದಳು: ಈಸೋ = ಹೊತ್ತೊಯ್ಯುವುದು. ಫೇಜ್ = ತಿನ್ನುವುದು. ತಿಂದದ್ದನ್ನು ಹೊತ್ತೊಯ್ಯುವ ನಾಳ. ಕೆಳಗೆ ಇನ್ನೊಂದು ಸಾಲು: ಇನ್ನು ಮಾತನ್ನೂ ಹೊರಬೇಕಂತೆ, ಪಾಪ.

ಥೆರಪಿಸ್ಟ್ ಮಗಳ ವಯಸ್ಸಿನವರು. ಪ, ತ, ಕ ಇವುಗಳಿಂದ ಶುರುವಂತೆ. ಈ ಅಕ್ಷರ ಒತ್ತಿ ಹೇಳಿದರೆ ಬಾಯೊಳಗಿನ ಗಾಳಿ ಅನ್ನನಾಳಕ್ಕೆ ಇಳಿಯುತ್ತದೆ, ಅದು ತೇಗಿನ ಹಾಗೆ ಹಿಂದಿರುಗಿ ಬರುವಾಗ ಮಾತಾಗಬೇಕು. "ಪಾ ಅನ್ನಿ ಅಮ್ಮ." ಇವಳು ಪ್ರಯತ್ನಿಸಿದಳು. ಏನೂ ಬರಲಿಲ್ಲ. ನಾನು ಕುರ್ಚಿಯ ತುದಿಗೆ ಬಂದು ಕೂತು, ಗೊತ್ತಿಲ್ಲದೆ, "ಪಾ" ಎಂದುಬಿಟ್ಟೆ.

ಇವಳು ನನ್ನ ಕಡೆ ನೋಡಿ ಬಾಗಿಲು ತೋರಿಸಿದಳು.

ಹೊರಗೆ ಕೂತೆ. ಅದು ಸರಿಯೇ.

ಅಕ್ಟೋಬರ್ ೨೪, ಶುಕ್ರವಾರ

ಅಂಗಡಿಗೆ ಹಳೆಯ ಗಿರಾಕಿ, ಬ್ಯಾಂಕಿನವರು, ಬಂದಿದ್ದರು. ಓದುವ ಕನ್ನಡಕ ಕೂರಿಸಿ ಕಿವಿಯ ಹಿಂದೆ ಬಗ್ಗಿಸಿ ಕೊಡುವಾಗ, "ಏನು ಸ್ವಾಮಿ, ಇಷ್ಟು ವರ್ಷದಲ್ಲಿ ನಿಮ್ಮ ದನೀನೇ ಕೇಳಿರಲಿಲ್ಲ. ಇವತ್ತು ಕೂತಾಗಿಂದ ಮಾತಾಡ್ತಾನೇ ಇದ್ದೀರಿ" ಎಂದರು. ಏನು ಮಾತಾಡಿದೆನೋ. ಅವರ ಪವರು, ಇವಳ ಗಂಟಲು, ನೀರು ಬಾರದ್ದು ಅಷ್ಟೇ. ಅವರಿಗೆ ಹಾಗನ್ನಿಸಿರಬೇಕು.

ಮನೆಯಲ್ಲಿ ಇವಳ ಬೋರ್ಡಿನ ಮಾತನ್ನು ನಾನು ಗಟ್ಟಿಯಾಗಿ ಓದುತ್ತೇನೆ, ಒಳಗಿರುವ ಅಕ್ಕನಿಗೂ ಕೇಳಿಸಲಿ ಎಂದು. ಅಕ್ಕ ಬೈದಳು. "ಅವಳು ಬರೆದಿದ್ದು ಒಂದು ಸಾಲು, ನೀನು ಓದೋದು ಮೂರು ಸಾಲು. ಉಳಿದಿದ್ದು ಯಾರದೋ?"

ಇವಳ ಅಭ್ಯಾಸ ಮಲಗುವ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ನನಗೆ ಪ್ರವೇಶವಿಲ್ಲ. ಹೊರಗೆ ಹಾದುಹೋಗುವಾಗ ಕೇಳಿಸುತ್ತದೆ: ಪಾ. ತಾತ. ಕಪ್ಪು. ನಡುವೆ ಬಹಳ ಹೊತ್ತು ಬರೀ ಗಾಳಿ. ಒಮ್ಮೆ ಏನೋ ಗೋಡೆಗೆ ಹೊಡೆದ ಸದ್ದು. ಆಮೇಲೆ ನೋಡಿದರೆ ಬಾಚಣಿಗೆ ಮುರಿದಿತ್ತು. ಹೊಸದು ತಂದು ಕನ್ನಡಿಯ ಹತ್ತಿರ ಇಟ್ಟೆ.

ನವೆಂಬರ್ ೧೮, ಮಂಗಳವಾರ

ಮಧ್ಯಾಹ್ನ ಊಟಕ್ಕೆ ಬಂದಾಗ ಕೋಣೆಯ ಬಾಗಿಲು ಹಾಕಿತ್ತು. ಅಕ್ಕ ತುಟಿಯ ಮೇಲೆ ಬೆರಳಿಟ್ಟು, "ಪುಟ್ಟಿ ಫೋನಲ್ಲಿದ್ದಾಳೆ" ಎಂದಳು.

ಒಳಗಿನಿಂದ ಗೊಗ್ಗರು ದನಿ. ಮಾತೇ. ಒಂದೊಂದು ಪದ, ನಡುವೆ ಗಾಳಿ ನುಂಗುವ ಸದ್ದು, ಮತ್ತೆ ಒಂದು ಪದ. ಹಳೆಯ ದನಿಯ ಗುರುತೇ ಇಲ್ಲ. ಆದರೆ ಮಾತಾಡುವ ರೀತಿ ಅವಳದೇ, ಕೊನೆಯ ಪದವನ್ನು ಮೇಲೆತ್ತುವುದು, ಕ್ಲಾಸಿನಲ್ಲಿ ಪ್ರಶ್ನೆ ಕೇಳಿದ ಹಾಗೆ.

ಬಾಗಿಲ ತನಕ ಹೋದೆ. ಕಿವಿಗೊಟ್ಟರೆ ಏನೆಂದು ತಿಳಿಯುತ್ತಿತ್ತು. ಚಿಲಕ ಒಳಗಿನಿಂದ ಹಾಕಿರಲಿಲ್ಲ. ಮೊದಲ ಮಾತು ನನಗೆ ಬರುತ್ತದೆ ಎಂದು ಯಾಕೆ ಅಂದುಕೊಂಡಿದ್ದೆನೋ. ಯಾರೂ ಹಾಗೆ ಹೇಳಿರಲಿಲ್ಲ.

ಊಟ ಮಾಡದೆ ಕೆಳಗಿಳಿದು ಮೆಟ್ಟಿಲ ಮೇಲೆ ಕೂತೆ. ಎದುರಿನ ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದರು. ಅವರು ಒಂದು ಗೋಡೆ ಮುಗಿಸುವವರೆಗೂ ಇದ್ದೆ. ಅಷ್ಟು ಹೊತ್ತೂ ಇವಳು ಮಾತಾಡಿರಬೇಕು. ಮಾತಾಡಲಿ.

ಡಿಸೆಂಬರ್ ೧೨, ಶುಕ್ರವಾರ

ಅಕ್ಕ ನಿನ್ನೆ ಹೊರಟಳು. ಮನೆಯಲ್ಲಿ ನಾವಿಬ್ಬರೇ.

ಶಾಲೆಗೆ ಮತ್ತೆ ಹೋಗುವುದಿಲ್ಲ ಎಂದು ಇವಳು ತೀರ್ಮಾನಿಸಿದ್ದಾಳೆ. ಸೀಮೆಸುಣ್ಣದ ಪುಡಿ ಕತ್ತಿನ ತೂತಿಗೆ ಆಗುವುದಿಲ್ಲ, ಈ ದನಿ ಎರಡನೇ ಬೆಂಚಿಗೂ ಮುಟ್ಟುವುದಿಲ್ಲ. ರಾಜೀನಾಮೆಗೆ ಮೊನ್ನೆ ಸಹಿ ಹಾಕಿದಳು. ನನ್ನನ್ನು ಕೇಳಲಿಲ್ಲ.

ಸಂಜೆ ಅಂಗಡಿ ಮುಚ್ಚಿ ಬಂದಾಗ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಬೋರ್ಡು ಎಲ್ಲೂ ಕಾಣಲಿಲ್ಲ. ಕುರ್ಚಿ ತೋರಿಸಿದಳು. ಕೂತೆ. ನಾನು ಬಾಯಿ ತೆರೆದೆ, ದಾರಿಯಲ್ಲಿ ಕಂಡದ್ದೇನೋ ಹೇಳಲು. ಕೈ ಎತ್ತಿ ತಡೆದಳು. ಕತ್ತಿನ ಬಟ್ಟೆ ಸರಿಮಾಡಿಕೊಂಡು, ತುಟಿ ಬಿಗಿದು, ಗಾಳಿ ನುಂಗಿದಳು.

"ನೀವು. ಆ ಫೋನ್. ಮಾಡಬಾರದಿತ್ತು."

ಇವಳು ನನ್ನೊಂದಿಗೆ ಆಡಿದ ಮೊದಲ ಮಾತು. ಗಂಟಲಿಲ್ಲದ ಮಾತು, ಎಲ್ಲೋ ಹೊಟ್ಟೆಯ ಹತ್ತಿರದಿಂದ ಬಂದದ್ದು. ಎಷ್ಟು ದಿನ ಅಭ್ಯಾಸ ಮಾಡಿದ್ದಳೋ ಇದನ್ನು, ಬಾಗಿಲು ಹಾಕಿಕೊಂಡು.

"ಏನಂದೆ?" ಎಂದೆ.

ಸರಿಯಾಗಿ ಬರಲಿಲ್ಲ ಎಂದುಕೊಂಡಳು. ಕಣ್ಣು ಮುಚ್ಚಿ ಮತ್ತೆ ಗಾಳಿ ತುಂಬಿಕೊಂಡಳು. "ಆ ಫೋನ್. ಮಾಡಬಾರದಿತ್ತು."

"ಇನ್ನೊಂದು ಸಲ ಹೇಳು. ನಿಧಾನಕ್ಕೆ."

ನನ್ನ ಮುಖವನ್ನೇ ನೋಡಿದಳು, ದಡ್ಡ ಹುಡುಗನನ್ನು ನೋಡುವ ಹಾಗೆ. ಸಿಟ್ಟಾಗಲಿಲ್ಲ. ಆ ಪದವನ್ನು ಬಿಡಿಸಿದಳು.

"ಮಾಡ. ಬಾರ. ದಿತ್ತು."

"ಹೌದು" ಎಂದೆ. "ಮಾಡಬಾರದಿತ್ತು."

ತಲೆಯಾಡಿಸಿ, ಬೆವರು ಒರೆಸಿಕೊಂಡು, ತಟ್ಟೆ ಇಡಲು ಎದ್ದಳು. ಮೊದಲ ಸಲಕ್ಕೇ ಅರ್ಥವಾಗಿತ್ತು ಎಂದು ನಾನು ಹೇಳಲಿಲ್ಲ.